ನದಿಯನ್ನೇ ರನ್‌ವೇ ಅಂದುಕೊಂಡಾಗ

2023ರ ಡಿಸೆಂಬರ್ 28ರಂದು ರಷ್ಯಾದ ಯಾಕುತಿಯಾ ಸೀಮೆಯಲ್ಲಿ ಆಂಟೊನೊವ್-24 ವಿಮಾನವೊಂದು 30 ಪ್ರಯಾಣಿಕರನ್ನು ಕೂರಿಸಿಕೊಂಡು ಜಿರ್ಯಾಂಕಾ ಎಂಬ ಸಣ್ಣ ಊರಿಗೆ ಬಂತು. ಚಕ್ರ ನೆಲ ಮುಟ್ಟಿತು, ವಿಮಾನ ಓಡಿತು, ನಿಂತಿತು. ಒಬ್ಬರಿಗೂ ಪೆಟ್ಟಾಗಲಿಲ್ಲ. ಆದರೆ ಅದು ನಿಂತಿದ್ದು ರನ್‌ವೇ ಮೇಲಲ್ಲ, ಹೆಪ್ಪುಗಟ್ಟಿದ್ದ ಕೊಲಿಮಾ ನದಿಯ ಮೇಲೆ!

ಆ ಫೋಟೊ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೂ ಬಂದಿತ್ತು. "ಪುಣ್ಯಾತ್ಮ ಕಣ್ಣು ಎಲ್ಲಿಟ್ಟಿದ್ದನೋ" ಅಂತ ಚಿಕ್ಕಪ್ಪ ಬರೆದರು. ಎಲ್ಲರೂ ನಕ್ಕೆವು. ಮೊನ್ನೆ ಅದು ಮತ್ತೆ ನೆನಪಾಯಿತು. ಅಕ್ಕನ ಮಗ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಚಾರಣ ಹೊರಟಿದ್ದಾನೆ. ವೈಟ್‌ಫೀಲ್ಡಿನಲ್ಲಿ ಕೆಲಸ, ಹೇಗೋ ಕಾಡಿ ಬೇಡಿ ರಜೆ ಗಿಟ್ಟಿಸಿದ್ದಾನೆ. ಆ ಚಾರಣ ಶುರುವಾಗುವುದು ನೇಪಾಳದ ಬೆಟ್ಟದ ಮೇಲಿನ ಪುಟ್ಟ ವಿಮಾನ ನಿಲ್ದಾಣ ಲುಕ್ಲಾದಿಂದ. ಅಕ್ಕ ಅಲ್ಲಿ ವಿಮಾನ ಇಳಿಯುವ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡಿ ನಿದ್ದೆ ಕೆಡಿಸಿಕೊಂಡಿದ್ದಾಳೆ. "ಮಾಮ, ಅಷ್ಟೇನೂ ಡೇಂಜರ್ ಅಲ್ಲ ಅಂತ ಅಮ್ಮಂಗೆ ನೀವೇ ಸ್ವಲ್ಪ ಹೇಳಿ" ಅಂದ ಹುಡುಗ. ಸುಮ್ನೆ ಹೇಳುವ ಬದಲು ತಿಳಿದುಕೊಂಡು ಹೇಳೋಣ ಅಂತ ಓದಲು ಕೂತೆ. ಓದುತ್ತಾ ಹೋದಂತೆ ಆ ನದಿಯ ಪೈಲಟ್ ಬಗ್ಗೆ ಇದ್ದ ನಗು ಹೋಯಿತು.

ಮೊದಲ ತೊಡಕು ನಮ್ಮ ಮಾತಿನಲ್ಲೇ ಇದೆ. ಡಿಸೆಂಬರ್ ಬೆಳಗ್ಗೆ ದೇವನಹಳ್ಳಿ ಕಡೆ ಕವಿಯುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು. ಒಂದು ಕಣ್ಣಿಗೆ ಅಡ್ಡ ಬರುತ್ತದೆ, ಇನ್ನೊಂದು ಕಾಲಡಿಗೆ ಬರುತ್ತದೆ. ಪತ್ರಿಕೆಯಲ್ಲಿ "ಮಂಜಿನಿಂದ ವಿಮಾನ ಅಪಘಾತ" ಅಂತ ಓದಿದರೆ ಯಾವ ಮಂಜು ಅಂತ ಕೇಳಬೇಕು. ಲುಕ್ಲಾವನ್ನೇ ನೋಡಿ. 2008ರ ಅಕ್ಟೋಬರ್ 8ರಂದು ಅಲ್ಲಿ ಇಳಿಯುತ್ತಿದ್ದ ಟ್ವಿನ್ ಆಟರ್ ವಿಮಾನ ರನ್‌ವೇ ತಲುಪುವ ಮೊದಲೇ ಬಡಿಯಿತು. 18 ಜನ ಸತ್ತರು, ಬದುಕಿ ಉಳಿದದ್ದು ಕ್ಯಾಪ್ಟನ್ ಒಬ್ಬರೇ. 2017ರ ಮೇ 27ರಂದು ಸರಕು ಹೊತ್ತ ಎಲ್-410 ವಿಮಾನ ರನ್‌ವೇ ಅಂಚಿಗಿಂತ ಕೆಳಗೆ ಬೆಟ್ಟಕ್ಕೆ ಹೊಡೆದು ಇಬ್ಬರು ಪೈಲಟ್‌ಗಳೂ ಹೋದರು. ಎರಡೂ ಸಲ ಅಡ್ಡ ಬಂದದ್ದು ಕವಿಯುವ ಮಂಜು. ಹಿಮದ ಕಥೆ ಬೇರೆ. ಗೊಂದಲ ಬೇಡ ಅಂತ ಇಲ್ಲಿಂದ ಮುಂದೆ ಕವಿಯುವುದನ್ನು ಮಂಜು ಅನ್ನುತ್ತೇನೆ, ಬೀಳುವುದನ್ನು ಹಿಮ ಅನ್ನುತ್ತೇನೆ.

ವಿಮಾನ ಇಳಿಸುವಾಗ ಪೈಲಟ್ ಕೆಲವು ವಿಷಯಗಳನ್ನು ನಂಬಿಕೊಂಡಿರುತ್ತಾರೆ. ನೆಲ ಕಾಣುತ್ತದೆ. ಮುಟ್ಟಿದ ನೆಲ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಎಲ್ಲೋ ಎಡವಟ್ಟಾಯಿತು ಅನ್ನಿಸಿದರೆ ಮತ್ತೆ ಮೇಲೇರಬಹುದು. ನಮ್ಮ ಕೆಂಪೇಗೌಡ ನಿಲ್ದಾಣದಲ್ಲಿ ಇವುಗಳಲ್ಲಿ ಒಂದು ಕೈಕೊಟ್ಟರೂ ಉಳಿದವು ಕಾಪಾಡುತ್ತವೆ. ಊರಾಚೆಯ ಹಿಮದ ಏರ್‌ಸ್ಟ್ರಿಪ್‌ಗಳಲ್ಲಿ, ಅಂದರೆ ವಿಮಾನ ಇಳಿಯುವ ಬರೀ ನೆಲದ ಪಟ್ಟಿಗಳಲ್ಲಿ, ಎಲ್ಲವೂ ಒಟ್ಟಿಗೆ ಕೈಕೊಡಬಹುದು.

ಕಣ್ಣಿನ ವಿಚಾರ ಮೊದಲು. ನೆಲ ಎಷ್ಟು ಕೆಳಗಿದೆ ಅಂತ ಕಣ್ಣಿಗೆ ಗೊತ್ತಾಗುವುದು ನೆರಳಿನಿಂದ, ಕಲ್ಲಿನಿಂದ, ಹುಲ್ಲಿನಿಂದ. ಜಕ್ಕೂರಿನ ವಿಮಾನ ತರಬೇತಿ ಶಾಲೆಯ ರನ್‌ವೇ ಪಕ್ಕ ಹುಲ್ಲಿದೆ, ಆಚೆ ಬಳ್ಳಾರಿ ರಸ್ತೆಯ ಬಸ್ಸುಗಳಿವೆ. ಹಾರಲು ಕಲಿಯುತ್ತಿರುವ ಹುಡುಗಿಗೂ ತಾನೆಷ್ಟು ಎತ್ತರದಲ್ಲಿದ್ದೇನೆ ಅನ್ನೋ ಅಂದಾಜು ತಾನಾಗಿ ಸಿಗುತ್ತದೆ. ಈಗ ಇದೆಲ್ಲದರ ಮೇಲೆ ಹಿಮ ಹೊದಿಸಿ. ಮೇಲೆ ಮೋಡ ಕವಿಸಿ. ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುವುದರಿಂದ ನೆರಳೇ ಬೀಳುವುದಿಲ್ಲ. ಆಕಾಶವೂ ಬಿಳಿ, ನೆಲವೂ ಬಿಳಿ, ನಡುವಿನ ಗೆರೆ ಮಾಯ. ಹಾಲಿನ ಕೊಳಗದೊಳಗೆ ಕೂತ ಹಾಗೆ. ಇದಕ್ಕೆ ಪೈಲಟ್‌ಗಳು ವೈಟ್‌ಔಟ್ ಅನ್ನುತ್ತಾರೆ.

ಇದರ ಮೋಸ ಏನು ಗೊತ್ತಾ? ಮಂಜೇ ಇರಬೇಕಾಗಿಲ್ಲ. ಗಾಳಿ ತಿಳಿಯಾಗಿದ್ದಾಗಲೂ ಆಗುತ್ತದೆ. ಮಂಜಿನೊಳಗೆ ಹೊಕ್ಕ ಪೈಲಟ್‌ಗೆ ತನಗೆ ಕಾಣುತ್ತಿಲ್ಲ ಅಂತ ಗೊತ್ತಿರುತ್ತದೆ. ವೈಟ್‌ಔಟ್‌ನಲ್ಲಿ ಸಿಕ್ಕಿಕೊಂಡವರಿಗೆ ಚೆನ್ನಾಗಿಯೇ ಕಾಣುತ್ತಿದೆ, ಮುಂದೆಲ್ಲ ಬಯಲೇ ಇದೆ ಅನ್ನಿಸುತ್ತದೆ. 1979ರ ನವೆಂಬರ್ 28ರಂದು ನ್ಯೂಜಿಲೆಂಡ್‌ನಿಂದ ಅಂಟಾರ್ಕ್ಟಿಕಾ ತೋರಿಸಲು ಹೊರಟಿದ್ದ ಡಿಸಿ-10 ವಿಮಾನ ಎರೆಬಸ್ ಬೆಟ್ಟಕ್ಕೆ ನೇರವಾಗಿ ಹೊಡೆದು 257 ಜನ ಸತ್ತರು. ಅದು ಸಣ್ಣ ವಿಮಾನವಲ್ಲ, ಇಳಿಯಲೂ ಹೊರಟಿರಲಿಲ್ಲ. ಹಾದಿಯ ಅಂಕಿಗಳನ್ನು ಪೈಲಟ್‌ಗಳಿಗೆ ಹೇಳದೆ ಬದಲಾಯಿಸಿದ್ದೂ ಅಲ್ಲಿ ಸೇರಿತ್ತು. ಆದರೂ ಎದುರಿಗಿದ್ದ ಬೆಟ್ಟ ಕಾಣಬೇಕಿತ್ತಲ್ವಾ? ಮೇಲಿನ ಮೋಡಕ್ಕೂ ಬೆಟ್ಟದ ಬಿಳಿ ಇಳಿಜಾರಿಗೂ ವ್ಯತ್ಯಾಸ ಕಾಣದೆ, ಮುಂದೆ ಸಮತಟ್ಟಾದ ಹಿಮವಿದೆ ಅಂತಲೇ ಕಂಡಿತು.

ಈಗ ಕೊಲಿಮಾ ನದಿಗೆ ವಾಪಸ್ ಬನ್ನಿ. ಹಿಮ ಬಿದ್ದಾಗ ನದಿಯೂ ರನ್‌ವೇಯೂ ಮೇಲಿನಿಂದ ಒಂದೇ ಥರ. ಮರವಿಲ್ಲದ, ಚಪ್ಪಟೆಯಾದ, ಉದ್ದನೆಯ ಬಿಳಿ ಪಟ್ಟಿ. ರಷ್ಯಾದ ಅಧಿಕಾರಿಗಳು ಮೊದಲ ದಿನವೇ ಪೈಲಟ್ ತಪ್ಪು ಅಂದರು. ತಪ್ಪು ಹೌದು. ಆದರೆ ಬುದ್ಧಿ ಕೆಟ್ಟು ಮಾಡಿದ ತಪ್ಪಲ್ಲ ಅನ್ನಿಸುತ್ತದೆ. ಮನಸ್ಸು ಹುಡುಕುತ್ತಿದ್ದುದನ್ನೇ ಕಣ್ಣು ತೋರಿಸಿತು, ಅಷ್ಟೆ.

ಅಲಾಸ್ಕ, ಕೆನಡಾಗಳ ಹಳೆಯ ಪೈಲಟ್‌ಗಳು ಇದಕ್ಕೆ ಕಂಡುಕೊಂಡ ಮದ್ದು ತೀರಾ ಸರಳ. ಬಿಳಿಯ ಮೇಲೆ ಕಪ್ಪು ಇಡುವುದು. ದೇವದಾರು ಜಾತಿಯ ಮರದ ಕೊಂಬೆಗಳನ್ನು ಪಟ್ಟಿಯ ಎರಡೂ ಬದಿಗೆ ನೆಡುತ್ತಾರೆ. ಕೊಂಬೆ ಸಿಗದಿದ್ದರೆ ಕರಿ ಕಸದ ಚೀಲ. ನಮ್ಮ ಅಡುಗೆಮನೆಯ ಡಬ್ಬಿಗೆ ಹಾಕುತ್ತೇವಲ್ಲ, ಅದೇ. ಅದರೊಳಗೆ ಹಿಮ ತುಂಬಿ ಸಾಲಾಗಿ ಇಟ್ಟುಬಿಟ್ಟರೆ ಕಣ್ಣಿಗೆ ಒಂದು ಊರುಗೋಲು ಸಿಗುತ್ತದೆ. ಕೋಟಿಗಟ್ಟಲೆ ಬೆಲೆಯ ವಿಮಾನ ಉಳಿಸುವುದು ಎರಡು ರೂಪಾಯಿಯ ಚೀಲ ಅನ್ನೋದು ನನಗೆ ಯಾಕೋ ಇಷ್ಟವಾಯಿತು.

ಕಣ್ಣಿಗೆ ಇನ್ನೂ ಒಂದೆರಡು ಮೋಸಗಳಿವೆ. ರನ್‌ವೇ ಮುಂದಕ್ಕೆ ಏರುತ್ತಾ ಹೋದರೆ, ನಾವು ಜಾಸ್ತಿ ಎತ್ತರದಲ್ಲಿದ್ದೇವೆ ಅನ್ನಿಸುತ್ತದೆ. ಪೈಲಟ್ ಇನ್ನಷ್ಟು ಕೆಳಗಿಳಿಸುತ್ತಾರೆ. ಲುಕ್ಲಾ ರನ್‌ವೇ ಹಾಗೆಯೇ ಇದೆ. ಉದ್ದ ಬರೀ 527 ಮೀಟರ್, ಏರು ಸುಮಾರು 12 ಪರ್ಸೆಂಟ್. ಅಂದರೆ ಒಂದು ತುದಿಗಿಂತ ಇನ್ನೊಂದು ತುದಿ 60 ಮೀಟರ್ ಮೇಲಿದೆ. ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗಿನ ಅರ್ಧಕ್ಕಿಂತ ಜಾಸ್ತಿ! ಕೆಂಪೇಗೌಡ ನಿಲ್ದಾಣದ ಒಂದೊಂದು ರನ್‌ವೇಯೂ 4,000 ಮೀಟರ್ ಉದ್ದವಿದೆ. ಲುಕ್ಲಾದ ಏಳು ರನ್‌ವೇಗಳನ್ನು ಸಾಲಾಗಿ ಹಾಸಿದರೂ ಇನ್ನೂ ಜಾಗ ಉಳಿಯುತ್ತದೆ.

ಕಣ್ಣು ಬಿಟ್ಟು ಉಪಕರಣ ನೋಡಿಕೊಳ್ಳಬಾರದೇ ಅಂತ ನೀವು ಕೇಳಬಹುದು. ಎತ್ತರ ತೋರಿಸುವ ಆಲ್ಟಿಮೀಟರ್ ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಕಡು ಚಳಿಯಲ್ಲಿ ಗಾಳಿ ಕುಗ್ಗಿ ದಟ್ಟವಾಗುತ್ತದೆ, ಆಗ ಅದು ಇರುವುದಕ್ಕಿಂತ ಜಾಸ್ತಿ ಎತ್ತರ ತೋರಿಸುತ್ತದೆ. ಲೆಕ್ಕ ಸುಮಾರಾಗಿ ಹೀಗೆ: ಇರಬೇಕಾದ ಉಷ್ಣಾಂಶಕ್ಕಿಂತ ಪ್ರತಿ 10 ಡಿಗ್ರಿ ಕಡಿಮೆಯಾದರೆ 4 ಪರ್ಸೆಂಟ್ ತಪ್ಪು. ಸಮುದ್ರ ಮಟ್ಟದ ಊರಲ್ಲಿ ಮೈನಸ್ 35 ಇದ್ದರೆ ಆಲ್ಟಿಮೀಟರ್ 1,000 ಅಡಿ ಅಂದಾಗ ವಿಮಾನ ನಿಜವಾಗಿ ಇರುವುದು 800 ಅಡಿಯ ಆಸುಪಾಸಿನಲ್ಲಿ. ಪೈಲಟ್‌ಗಳಿಗೆ ಇದು ಗೊತ್ತು, ತಿದ್ದಿಕೊಳ್ಳುವ ಪಟ್ಟಿಯೂ ಇರುತ್ತದೆ. ಸುಸ್ತಾದ ದಿನ ಮರೆತರೆ ಕಷ್ಟ.

ಇನ್ನು ಹಿಡಿತ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಐಸ್ ತುಂಡು ಬೆರಳಿಗೆ ಅಂಟಿಕೊಳ್ಳುತ್ತದೆ. ಎರಡು ನಿಮಿಷ ಬಿಟ್ಟು ಹಿಡಿಯಿರಿ, ಜಾರಿ ನೆಲಕ್ಕೆ ಬೀಳುತ್ತದೆ. ವಿಮಾನದ ಚಕ್ರಕ್ಕೂ ಅಷ್ಟೆ. ಚಳಿ ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ ಅಂತ ನಾನು ಅಂದುಕೊಂಡಿದ್ದೆ. ಇಲ್ಲಿ ಅದು ಉಲ್ಟಾ. ಸೊನ್ನೆ ಡಿಗ್ರಿಯ ಹತ್ತಿರ, ಮೇಲೆ ತೆಳುವಾಗಿ ನೀರು ನಿಂತ ಐಸ್ ಇದೆಯಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು. 2021ರ ನವೆಂಬರ್ 4ರಿಂದ ಜಗತ್ತಿನಾದ್ಯಂತ ರನ್‌ವೇ ಸ್ಥಿತಿಗೆ ಒಂದೇ ಬಗೆಯ ಅಂಕ ಕೊಡುವ ಪದ್ಧತಿ ಬಂದಿದೆ. ಒಣ ರನ್‌ವೇಗೆ 6. ಒದ್ದೆಯಾಗಿದ್ದರೆ 5. ತುಳಿದು ಗಟ್ಟಿಯಾದ ಹಿಮಕ್ಕೆ, ಮೈನಸ್ 15 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 4. ಅದೇ ಹಿಮ ಅದಕ್ಕಿಂತ ಬೆಚ್ಚಗಿದ್ದರೆ 3. ಕರಗಿ 3 ಮಿಲಿಮೀಟರಿಗಿಂತ ದಪ್ಪ ಕೆಸರಿನಂತಾಗಿದ್ದರೆ 2, ಐಸ್‌ಗೆ 1, ಒದ್ದೆ ಐಸ್‌ಗೆ ಸೊನ್ನೆ. ಸೊನ್ನೆ ಬಿದ್ದ ಕಡೆ ಇಳಿಯುವ ಹಾಗಿಲ್ಲ. ಇದು ಬರೀ ಹಿಮದ ನಾಡಿನ ವಿಷಯ ಅಂದುಕೊಳ್ಳಬೇಡಿ. ನಮ್ಮೂರ ಮಳೆಯಲ್ಲೂ ರನ್‌ವೇ ಮೇಲೆ 3 ಮಿಲಿಮೀಟರಿಗಿಂತ ಜಾಸ್ತಿ ನೀರು ನಿಂತರೆ ಅಂಕ 2ಕ್ಕೆ ಇಳಿಯುತ್ತದೆ.

ಪದ್ಧತಿ ಚೆನ್ನಾಗಿದೆ. ಆದರೆ ಅಂಕ ಕೊಡಲು ಅಲ್ಲಿ ಒಬ್ಬ ಮನುಷ್ಯ ಬೇಕಲ್ಲ? ಒಂದು ಗುಡಿಸಲು, ಗಾಳಿಯ ದಿಕ್ಕು ತೋರಿಸುವ ಒಂದು ಗಾಳಿಚೀಲ ಬಿಟ್ಟರೆ ಏನೂ ಇಲ್ಲದ ಏರ್‌ಸ್ಟ್ರಿಪ್‌ನಲ್ಲಿ ಯಾರು ನೋಡಿ ಹೇಳುತ್ತಾರೆ? ಅಲ್ಲಿ ಪೈಲಟ್ಟೇ ಅಳತೆಗಾರ. ಚಕ್ರದ ಜಾಗದಲ್ಲಿ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದನೆಯ ಹಲಗೆ ಹಾಕಿದ ವಿಮಾನದವರು ಒಂದು ಉಪಾಯ ಮಾಡುತ್ತಾರೆ. ಮೊದಲು ಸ್ಕೀಯನ್ನು ಹಿಮದ ಮೇಲೆ ಎಳೆದುಕೊಂಡು ಹೋಗಿ, ನಿಲ್ಲಿಸದೆ ಮೇಲೇರುತ್ತಾರೆ. ಸುತ್ತು ಹಾಕಿ ಬಂದು ತಾವೇ ಎಳೆದ ಗೆರೆಯನ್ನು ನೋಡುತ್ತಾರೆ. ಗೆರೆ ಕಪ್ಪಾಗಿದ್ದರೆ ಹಿಮದ ಕೆಳಗೆ ನೀರಿದೆ ಅಂತ ಅರ್ಥ, ಅಲ್ಲಿ ಇಳಿದರೆ ಹೂತುಕೊಳ್ಳುತ್ತದೆ. ಸ್ಕೀಗೆ ಬ್ರೇಕ್ ಇರುವುದಿಲ್ಲ ಅನ್ನೋದನ್ನೂ ನೆನಪಿಡಿ. ಚಕ್ರದ ವಿಮಾನದಲ್ಲಿ ಪ್ರೊಪೆಲ್ಲರ್ ಗಾಳಿಯನ್ನು ಮುಂದಕ್ಕೆ ತಳ್ಳುವಂತೆ ಮಾಡಿ ವೇಗ ತಗ್ಗಿಸಬಹುದು. ಆದರೆ ಪುಡಿ ಹಿಮದ ಮೇಲೆ ಹಾಗೆ ಮಾಡಿದರೆ ಹಿಮವೆಲ್ಲ ಎದ್ದು ಗಾಜಿಗೆ ಬಡಿಯುತ್ತದೆ. ನಿಲ್ಲಬೇಕಾದ ಹೊತ್ತಿಗೇ ಕಣ್ಣು ಕಟ್ಟಿದಂತೆ!

ಎತ್ತರದ ಜಾಗದಲ್ಲಿ ಗಾಳಿ ತೆಳು. ವಿಮಾನ ತೇಲಲು ಜಾಸ್ತಿ ವೇಗ ಬೇಕು. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಲುಕ್ಲಾದಲ್ಲಿ ಸುಮಾರು 15 ಪರ್ಸೆಂಟ್ ಜಾಸ್ತಿ ವೇಗದಲ್ಲಿ ಇಳಿಯುತ್ತದೆ, ಬ್ರೇಕ್ ತಡೆಯಬೇಕಾದ ಶಕ್ತಿ ಮೂರನೇ ಒಂದು ಪಾಲಿನಷ್ಟು ಏರುತ್ತದೆ. ರೆಕ್ಕೆಯ ಮೇಲೆ ಐಸ್ ಕಟ್ಟಿದರಂತೂ ಇನ್ನೂ ವೇಗ ಬೇಕು.

ಇಷ್ಟೆಲ್ಲ ಓದಿದ ಮೇಲೆ ಹಿಮದ ಮೇಲೆ ಇಳಿಯುವುದೇ ಹುಚ್ಚು ಸಾಹಸ ಅನ್ನಿಸಿತು. ಆದರೆ ಇನ್ನೊಂದು ಸುದ್ದಿ ಆ ಲೆಕ್ಕವನ್ನು ಕೆಡಿಸಿತು. 2023ರ ನವೆಂಬರ್‌ನಲ್ಲಿ, ಅಂದರೆ ಕೊಲಿಮಾ ಘಟನೆಗೆ ಒಂದು ತಿಂಗಳ ಮುಂಚೆ, ಬೋಯಿಂಗ್ 787 ವಿಮಾನವೊಂದು ಅಂಟಾರ್ಕ್ಟಿಕಾದ ಟ್ರೋಲ್‌ನಲ್ಲಿ ಐಸ್ ರನ್‌ವೇ ಮೇಲೆ ಸಲೀಸಾಗಿ ಇಳಿಯಿತು. ನಾವು ಬೆಂಗಳೂರಿಂದ ಲಂಡನ್‌ಗೆ ಹೋಗುವಷ್ಟು ದೊಡ್ಡ ವಿಮಾನ, ಕೆಳಗೆ ಬರೀ ನೀಲಿ ಐಸ್! ನಮ್ಮ ದೇಶದ ಮೈತ್ರಿ ಕೇಂದ್ರಕ್ಕೆ ಹೋಗುವ ವಿಜ್ಞಾನಿಗಳೂ ಕೇಪ್‌ಟೌನ್‌ನಿಂದ ಹೊರಟು ಪಕ್ಕದ ನೋವೊ ಐಸ್ ರನ್‌ವೇ ಮೇಲೆಯೇ ಇಳಿಯುತ್ತಾರೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಟ್ರೋಲ್‌ನಲ್ಲಿ 3,000 ಮೀಟರ್ ಉದ್ದವಿದೆ. ಇಳಿಯುವ ಮುನ್ನ ಐಸ್ ಕೆರೆದು ಒರಟು ಮಾಡಿ, ಹಿಡಿತ ಅಳೆದು, ಹವಾಮಾನ ನೋಡಿ ಹೇಳುವ ಜನ ಕೆಳಗೆ ಇರುತ್ತಾರೆ. ಕಾಕ್‌ಪಿಟ್‌ನಲ್ಲಿ ಇಬ್ಬರಿಗೆ ಕಡಿಮೆ ಇಲ್ಲ. ಹವೆ ಸರಿ ಇಲ್ಲದಿದ್ದರೆ ಆ ದಿನ ಹೊರಡುವುದೇ ಇಲ್ಲ. ಅದೇ ಊರಾಚೆಯ ಏರ್‌ಸ್ಟ್ರಿಪ್‌ಗೆ ಹೋಗುವ ಒಂಬತ್ತು ಸೀಟಿನ ವಿಮಾನದಲ್ಲಿ ಒಬ್ಬರೇ ಪೈಲಟ್, ಕೆಳಗೆ ಯಾರೂ ಇಲ್ಲ, ಒಳಗೆ ಹಳ್ಳಿಯ ಔಷಧಿ, ಟಪಾಲು, ಬಸುರಿ ಹೆಂಗಸು. ಅಪಾಯ ಐಸ್‌ನಲ್ಲಿ ಇಲ್ಲ ಅಂತಲ್ಲ. ಆದರೆ ಅದಕ್ಕಿಂತ ಜಾಸ್ತಿ ಇರುವುದು ಗೊತ್ತಿಲ್ಲದೆ ಇಳಿಯುವುದರಲ್ಲಿ. ನನಗೆ ಇಡೀ ವಿಷಯದ ತಿರುಳು ಇದೇ ಅನ್ನಿಸುತ್ತದೆ.

ಮತ್ತೆ ಮೇಲೇರುವ ಮಾತಿಗೆ ಬರೋಣ. ಇದಕ್ಕೆ ಗೋ-ಅರೌಂಡ್ ಅಂತ ಹೆಸರು. ಕನ್ನಡಿಗರಿಗೆ ಈ ಪದದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತರು. ವಿಮಾನ ಜಾಸ್ತಿ ಎತ್ತರದಲ್ಲಿ, ಜಾಸ್ತಿ ವೇಗದಲ್ಲಿ ಬರುತ್ತಿತ್ತು. ಗೋ-ಅರೌಂಡ್ ಮಾಡಿ ಅಂತ ಸಹ ಪೈಲಟ್ ಮೂರು ಸಲ ಹೇಳಿದ್ದು ತನಿಖೆಯಲ್ಲಿ ಬಂತು. ಕ್ಯಾಪ್ಟನ್ ಇಳಿಸಿದರು. ಗುಡ್ಡದ ನೆತ್ತಿಯ ಮೇಲಿನ ಟೇಬಲ್‌ಟಾಪ್ ರನ್‌ವೇ ಮುಗಿದ ಮೇಲೆ ಕೆಳಗೆ ಕಣಿವೆ. ಅದಕ್ಕೂ ಇಪ್ಪತ್ತು ವರ್ಷ ಮುಂಚೆ, 1990ರ ಫೆಬ್ರವರಿ 14ರಂದು, ನಮ್ಮ ಎಚ್‌ಎಎಲ್ ನಿಲ್ದಾಣಕ್ಕೆ ಬರುತ್ತಿದ್ದ ಏರ್‌ಬಸ್ ಎ-320 ರನ್‌ವೇ ತಲುಪದೆ ಗಾಲ್ಫ್ ಮೈದಾನದಲ್ಲಿ ಬಿದ್ದು 92 ಜನ ಹೋದರು. ಹಿಮ ಇಲ್ಲ, ಮಂಜಿಲ್ಲ, ನಡುಹಗಲು. ಎಂಜಿನ್ ಶಕ್ತಿ ತಗ್ಗಿದ್ದು, ವಿಮಾನ ಕುಸಿಯುತ್ತಿದ್ದುದು ತಡವಾಗಿ ಗೊತ್ತಾಯಿತು. ಆಗ ಮೇಲೇರಲು ಸಮಯ ಉಳಿದಿರಲಿಲ್ಲ.

ಮಂಗಳೂರಿನಲ್ಲಿ ಮೇಲೇರಲು ದಾರಿಯಾದರೂ ಇತ್ತು. ಲುಕ್ಲಾದಲ್ಲಿ ರನ್‌ವೇಯ ಆಚೆ ತುದಿಗೆ ಬೆಟ್ಟವೇ ಗೋಡೆ. ಒಂದು ಹಂತ ದಾಟಿದ ಮೇಲೆ ಇಳಿಯಲೇಬೇಕು. ಫ್ರಾನ್ಸಿನ ಆಲ್ಪ್ಸ್‌ನಲ್ಲಿರುವ ಕೂರ್‌ಶೆವೆಲ್ ಕೂಡ ಹೀಗೇ, 537 ಮೀಟರ್ ರನ್‌ವೇ, ಏರು 18 ಪರ್ಸೆಂಟಿಗೂ ಜಾಸ್ತಿ. ಹಾಗಾಗಿ ಇಂಥ ಕಡೆ ವಾಪಸ್ ಹೋಗುವ ತೀರ್ಮಾನ ಕೊನೇ ಕ್ಷಣದ್ದಲ್ಲ. ಇನ್ನೂ ಕೆಲವು ಕಿಲೋಮೀಟರ್ ದೂರ ಇದ್ದಾಗಲೇ, ಕೆಲವೊಮ್ಮೆ ಹೊರಡುವ ಮೊದಲೇ ಆಗಬೇಕು. ಅಲ್ಲಿಯೇ ಮನುಷ್ಯರ ಒತ್ತಡ ಒಳಗೆ ಬರುವುದು.

ಅಲಾಸ್ಕದಲ್ಲಿ ಐದರಲ್ಲಿ ನಾಲ್ಕು ಊರುಗಳಿಗೆ ರಸ್ತೆಯೇ ಇಲ್ಲ. ಸಣ್ಣ ವಿಮಾನವೇ ಅವರ ಬಿಎಂಟಿಸಿ ಬಸ್ಸು, ಅದೇ ಆಂಬುಲೆನ್ಸ್. ಬರದಿದ್ದರೆ ಊರಿಗೆ ಹಾಲಿಲ್ಲ. ಇವತ್ತು ವಾಪಸ್ ಹೋಗೋಣ ಅನ್ನುವುದು ಪುಸ್ತಕದಲ್ಲಿ ಸುಲಭ. 2025ರ ಫೆಬ್ರವರಿ 6ರಂದು ನೋಮ್ ಊರಿಗೆ ಹೊರಟಿದ್ದ ಸೆಸ್ನಾ ಕ್ಯಾರವಾನ್ ಸಮುದ್ರದ ಐಸ್ ಮೇಲೆ ಬಿದ್ದು 10 ಜನರೂ ಸತ್ತರು. ಐಸ್ ಕಟ್ಟುವ ಹವೆಯಲ್ಲಿ ಹೊರಬಹುದಾದ ಮಿತಿಗಿಂತ ಅದರಲ್ಲಿ ಸಾವಿರ ಪೌಂಡ್‌ಗೂ ಜಾಸ್ತಿ, ಅಂದರೆ 450 ಕಿಲೋ ಮೀರಿ ಭಾರವಿತ್ತು ಅಂತ ಅಮೆರಿಕದ ತನಿಖಾ ಮಂಡಳಿ ಮೊದಲ ವರದಿಯಲ್ಲೇ ಹೇಳಿತು. ಅದು ಲ್ಯಾಂಡಿಂಗ್ ಅಪಘಾತವಲ್ಲ. ಆದರೆ ಇನ್ನೊಂದಿಷ್ಟು ಸರಕು ಹೋಗಲಿ ಅನ್ನೋ ಒತ್ತಡ ಇಂಥ ಊರುಗಳಲ್ಲಿ ದಿನವೂ ಇರುತ್ತದೆ.

ಅಲಾಸ್ಕದ್ದೇ ಡಚ್ ಹಾರ್ಬರ್ ಎಂಬ ಊರಿನ ಕಥೆ ಇನ್ನೂ ವಿಚಿತ್ರ. 2019ರ ಅಕ್ಟೋಬರ್ 17. ಸಾಬ್-2000 ವಿಮಾನ, ಸುಮಾರು 1,370 ಮೀಟರ್ ರನ್‌ವೇ, ಹಿಂದಿನಿಂದ ಜೋರು ಗಾಳಿ. ಪೈಲಟ್‌ಗಳು ಒಂದು ಸಲ ಗೋ-ಅರೌಂಡ್ ಮಾಡಿದರು. ಎರಡನೇ ಸಲ ಅದೇ ದಿಕ್ಕಿನಿಂದ ಇಳಿದರು. ರನ್‌ವೇ ದಾಟಿ ಸಮುದ್ರದ ಅಂಚಿಗೆ ಹೋಗಿ ನಿಂತಿತು, ಒಬ್ಬರು ಸತ್ತರು. ತನಿಖೆ ಮಾಡಿದರೆ ಸಿಕ್ಕಿದ್ದೇನು? ಚಕ್ರ ಜಾರದಂತೆ ತಡೆಯುವ ವ್ಯವಸ್ಥೆಯ ವೈರುಗಳನ್ನು ವರ್ಷಗಳ ಹಿಂದೆ ರಿಪೇರಿ ಮಾಡುವಾಗ ಅದಲುಬದಲು ಜೋಡಿಸಿದ್ದರು. ಒಂದು ಚಕ್ರ ಜಾರಿದರೆ ಇನ್ನೊಂದರ ಬ್ರೇಕ್ ಸಡಿಲವಾಗುತ್ತಿತ್ತು. ಅಷ್ಟು ವರ್ಷ ಯಾರಿಗೂ ಗೊತ್ತೇ ಆಗಲಿಲ್ಲ. ಉದ್ದನೆಯ ರನ್‌ವೇಗಳು ಇಂಥ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ. ಚಿಕ್ಕವು ಹಾಕಿಕೊಳ್ಳುವುದಿಲ್ಲ.

ಬಿದ್ದ ಮೇಲೂ ಕಥೆ ಮುಗಿಯುವುದಿಲ್ಲ. ಕೊಲಿಮಾ ಘಟನೆಯ ಹಿಂದಿನ ದಿನವೇ ಕೆನಡಾದ ಉತ್ತರದಲ್ಲಿ, ಡಯಾವಿಕ್ ವಜ್ರದ ಗಣಿಯ ಹತ್ತಿರ, ಸ್ಕೀ ಹಾಕಿದ ಟ್ವಿನ್ ಆಟರ್ ಹಿಮಗಾಳಿಯಲ್ಲಿ ನೆಲಕ್ಕೆ ಬಡಿದಿತ್ತು. ಒಳಗಿದ್ದ 10 ಜನರೂ ಬದುಕಿದ್ದರು. ಅವರನ್ನು ರಾತ್ರಿಯಿಡೀ ಉಳಿಸಿಕೊಳ್ಳಲು ಸೇನೆಯ ರಕ್ಷಣಾ ತಂಡದವರು ಕತ್ತಲಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರಬೇಕಾಯಿತು.

ಪರಿಹಾರ ಅಂದಾಕ್ಷಣ ಇನ್ನೂ ಗಟ್ಟಿ ಗುಂಡಿಗೆಯ ಪೈಲಟ್ ಬೇಕು ಅನ್ನುವವರಿದ್ದಾರೆ. ಗುಂಡಿಗೆ ಈಗಾಗಲೇ ಜಾಸ್ತಿಯೇ ಇದೆ. ಬೇಕಾಗಿರುವುದು ಕಣ್ಣು. ಅಮೆರಿಕದ ವಿಮಾನಯಾನ ಇಲಾಖೆ 1999ರಿಂದ ಅಲಾಸ್ಕದ ಕಣಿವೆಗಳಲ್ಲಿ, ಏರ್‌ಸ್ಟ್ರಿಪ್‌ಗಳಲ್ಲಿ ಕ್ಯಾಮೆರಾ ಇಡುತ್ತಾ ಬಂದಿದೆ. ಈಗ 230ಕ್ಕೂ ಹೆಚ್ಚು ಕಡೆ ಇವೆ. ಪೈಲಟ್ ಮನೆಯಲ್ಲಿ ಕಾಫಿ ಕುಡಿಯುತ್ತಾ ಆ ಊರಿನ ಈಗಿನ ಚಿತ್ರವನ್ನೂ, ಹವೆ ತಿಳಿಯಾಗಿದ್ದ ದಿನದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಬೆಟ್ಟ ಕಾಣುತ್ತಿಲ್ಲವೇ? ಇವತ್ತು ಬೇಡ. ಈ ತೀರ್ಮಾನ ನೆಲದ ಮೇಲೆಯೇ ಆಗುತ್ತದೆ. ಅಲ್ಲಿ ಹೆಮ್ಮೆ ಅಡ್ಡ ಬರುವುದು ಕಡಿಮೆ.

ಈ ಬಗೆಯ ಕೆಲಸದಲ್ಲಿ ನಮ್ಮೂರಿಗೂ ಪಾಲಿದೆ. ರನ್‌ವೇ ಮೇಲೆ ಎಷ್ಟು ದೂರ ಕಾಣುತ್ತದೆ ಅಂತ ಅಳೆಯುವ ಉಪಕರಣವನ್ನು ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ರೂಪಿಸಿದ್ದಾರೆ. ಹೆಸರು 'ದೃಷ್ಟಿ'. ಹವಾಮಾನ ಇಲಾಖೆಯ ಜತೆ ಸೇರಿ ದೇಶದ ಹಲವು ನಿಲ್ದಾಣಗಳಲ್ಲಿ ಕೂರಿಸಿದ್ದಾರೆ. ಚಳಿಗಾಲದ ಬೆಳಗ್ಗೆ ನಿಮ್ಮ ವಿಮಾನ ಒಂದು ಗಂಟೆ ತಡ ಅಂತ ಮೆಸೇಜ್ ಬಂದಾಗ, ಅದರ ಹಿಂದೆ ಇಂಥದ್ದೊಂದು ಪೆಟ್ಟಿಗೆ ಕೊಟ್ಟ ಅಂಕಿ ಇರುತ್ತದೆ. ಅಪಘಾತ ತಡೆದ ದಿನ ಸುದ್ದಿಯಾಗುವುದಿಲ್ಲ, ಪ್ರಯಾಣಿಕರ ಗೊಣಗಾಟವಷ್ಟೇ ಉಳಿಯುತ್ತದೆ.

ಅಕ್ಕನಿಗೆ ಏನು ಹೇಳಿದೆ ಅಂತೀರಾ? ಲುಕ್ಲಾಕ್ಕೆ ಪ್ರತಿ ಸೀಸನ್‌ನಲ್ಲೂ ಸಾವಿರಾರು ಜನ ಹೋಗಿ ಬರುತ್ತಾರೆ, ಬೆಳಗ್ಗೆ ಗಾಳಿ ಏಳುವ ಮೊದಲು ಹಾರುತ್ತಾರೆ, ಹವೆ ಕೆಟ್ಟರೆ ನಿಲ್ಲಿಸುತ್ತಾರೆ ಅಂದೆ. ಅವಳಿಗೆ ಅರ್ಧ ಸಮಾಧಾನ ಆಯಿತು. ಆಮೇಲೆ ಹುಡುಗನ ಪ್ಲ್ಯಾನ್ ತರಿಸಿ ನೋಡಿದೆ. ಸೀಸನ್ ಆದ್ದರಿಂದ ವಿಮಾನ ಕಾಠ್ಮಂಡುವಿನಿಂದಲ್ಲ, ರಾಮೆಛಾಪ್‌ನ ಮಂಥಲಿಯಿಂದ. ಶುಕ್ರವಾರ ಬೆಳಗ್ಗೆ ಲುಕ್ಲಾದಿಂದ ವಾಪಸ್, ಶನಿವಾರ ಬೆಂಗಳೂರು, ಸೋಮವಾರ ಆಫೀಸು. ನಡುವೆ ಇರುವುದು ಒಂದೇ ಒಂದು ದಿನ.

"ಮೂರು ದಿನ ಜಾಸ್ತಿ ಇಟ್ಕೋ" ಅಂದೆ.

"ಮೂರಾ? ಸುಮ್ನೆ ವೇಸ್ಟ್ ಮಾಮ."

"ಹವೆ ಸರಿ ಇಲ್ಲ, ಇವತ್ತು ಹಾರಲ್ಲ ಅಂತ ಪೈಲಟ್ ಅಂದ್ರೆ ಕೌಂಟರ್ ಮುಂದೆ ನಿಂತು ಜಗಳ ಆಡೋರಲ್ಲಿ ನೀನೂ ಒಬ್ಬ ಆಗ್ತೀಯಾ?"

ಅವನು ಸ್ವಲ್ಪ ಹೊತ್ತು ಫೋನ್ ನೋಡುತ್ತಾ ಕೂತ. ಆಮೇಲೆ, "ಮ್ಯಾನೇಜರ್‌ನ ಕೇಳ್ಬೇಕು" ಅಂದ.